ಹಾಸು ಮುಗಿಯದ ಮನೆ

ನಮ್ಮ ಓಣಿಯ ಇಬ್ಬರು ತರುಣರಿಗೆ ಈಚೆಗೆ ಕೋರ್ಟಿನಲ್ಲಿ ಬೇಲೀಫ್ ನೌಕರಿ ಸಿಕ್ಕಿತು. ಪೇಢೆ ಕೊಡಲು ಬಂದವರು ಹೋಗುವಾಗ, ಈ ಕೆಲಸದಲ್ಲಿ ಏನು ನೋಡಿಕೊಂಡು ಇರಬೇಕು ಅಜ್ಜಾರ ಎಂದು ಕೇಳಿದರು. ನಾಯಿ ನೋಡಿಕೊಂಡು ಇರಿ ಎಂದೆ. ನಕ್ಕು ಹೋದರು. ನಾಯಿಯ ಮಾತು ಸುಳ್ಳಲ್ಲ, ನನ್ನ ಎಡಗಾಲ ಮೀನಖಂಡದಲ್ಲಿ ಇನ್ನೂ ಎರಡು ಗುರುತು ಇವೆ. ಆದರೆ ಅಷ್ಟೇ ಹೇಳಿ ಕಳಿಸಿದ್ದು ಸರಿಯಾಗಲಿಲ್ಲ ಎಂದು ಆಮೇಲೆ ಅನಿಸಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಬಡ್ತಿಯ ವಿಷಯ ಬರೆಯುವುದಿಲ್ಲ, ಬರೆಯುವಷ್ಟು ಇಲ್ಲ. ಸಿಗಬೇಕಾದ ಒಂದು ಬಡ್ತಿ ಯಾಕೆ ತಡವಾಯಿತು ಎಂಬುದು ಮುಂದೆ ತಾನಾಗಿಯೇ ಬರುತ್ತದೆ.

ನಾನು ಜಮಖಂಡಿ ಸಂಸ್ಥಾನದ ನ್ಯಾಯಕಚೇರಿಯಲ್ಲಿ ಬೇಲೀಫ್ ಆಗಿದ್ದೆ. ಹೆಸರು ಜಿನ್ನಪ್ಪ, ಹುಟ್ಟಿದ್ದು ತೇರದಾಳದ ಕಡೆ. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಕಾನೂನು ಕೂಡ ಹೊತ್ತು ಮುಳುಗಿದ ಮೇಲೆ ಬೇರೆಯವರ ಮನೆಯೊಳಗೆ ಹೋಗಿ ಜಪ್ತಿ ಮಾಡಬಾರದು ಎನ್ನುತ್ತಿತ್ತು. ಹೀಗಾಗಿ ನನ್ನ ಧರ್ಮಕ್ಕೂ ನೌಕರಿಗೂ ಜಗಳ ಬರಲಿಲ್ಲ. ಒಂದೇ ಒಂದು ಸಲ ಬಂತು, ಆ ಒಂದು ಸಲದ್ದೇ ಈ ಕಥೆ.

ಕೆಲಸವೆಂದರೆ ಇಷ್ಟೇ. ಎದೆಗೆ ಹಿತ್ತಾಳೆಯ ಬಿಲ್ಲೆ, ಹೆಗಲಿಗೆ ಚೀಲ, ಚೀಲದಲ್ಲಿ ಕಾಗದಗಳು, ಒಂದು ಡಬ್ಬಿಯಲ್ಲಿ ಜೋಳದ ಹಿಟ್ಟು ಕುದಿಸಿದ ಅಂಟು. ಯಾರ ಹೆಸರಿನ ಕಾಗದವೋ ಅವರ ಕೈಗೆ ಮುಟ್ಟಿಸಬೇಕು. ಮನುಷ್ಯ ಸಿಗದಿದ್ದರೆ ಬಾಗಿಲಿಗೆ ಅಂಟಿಸಬೇಕು. ಬಂದು, ಅಂಟಿಸಿದೆ ಎಂದು ಶೆರಾ, ಅಂದರೆ ಒಂದು ಸಾಲಿನ ಟಿಪ್ಪಣಿ, ಬರೆದು ನಾಜರರ ಮೇಜಿನ ಮೇಲೆ ಇಡಬೇಕು. ನಾಜರರು ಎಂದರೆ ನಮ್ಮ ಮೇಲಿನವರು, ರಾಘಪ್ಪ ಅಂತ. ಮೇಜಿನ ಮೇಲೆ ಕಾಗದ ವಾಪಸು ಬಂದಿತೆಂದರೆ ಅವರ ಮಟ್ಟಿಗೆ ಲೋಕ ನೆಟ್ಟಗಿತ್ತು.

ಆ ಕಾಗದಗಳು ಮರಾಠಿಯಲ್ಲಿ ಇರುತ್ತಿದ್ದವು, ಅದೂ ಮೋಡಿ ಅಕ್ಷರದಲ್ಲಿ. ಸಂಸ್ಥಾನದ ದಫ್ತರವೆಲ್ಲ ಹಾಗೆಯೇ. ಕೊಡುವ ಮನೆಗಳಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ, ಕನ್ನಡ ಅಕ್ಷರವೂ ಎಷ್ಟೋ ಮಂದಿಗೆ ಬಾರದು. ನೊಣಕ್ಕೆ ಮಸಿ ಹತ್ತಿ ಹಾಳೆಯ ಮೇಲೆ ಓಡಾಡಿದರೆ ಹೇಗೋ ಹಾಗೆ ಕಾಣುವ ಆ ಬರಹದಲ್ಲಿ ಅವರ ಮನೆ ಹೋಗುವ ಸುದ್ದಿ ಇರುತ್ತಿತ್ತು. ಓದಿ ಹೇಳುವುದು ಬೇಲೀಫನ ಕೆಲಸವಲ್ಲ ಎಂದು ನಾಜರರು ನನಗೆ ಮೊದಲನೆಯ ದಿನವೇ ಹೇಳಿದ್ದರು. ನಾನೂ ಬಹಳ ವರ್ಷ ಓದಿ ಹೇಳಲಿಲ್ಲ.

ಇನ್ನೊಂದು ಮಾತು ಈಗಿನವರಿಗೆ ಗೊತ್ತಿರಬೇಕು. ಆಗ ಈ ಸೀಮೆಯಲ್ಲಿ ಒಂದು ಹರದಾರಿ ನಡೆದರೆ ರಾಜ್ಯ ಬದಲಾಗುತ್ತಿತ್ತು. ಜಮಖಂಡಿಗೆ ಒಬ್ಬ ರಾಜರು, ಮುಧೋಳಕ್ಕೆ ಬೇರೆ ರಾಜರು, ಬೀಳಗಿ ಇಂಗ್ಲಿಷರ ಮುಲುಕು. ಬನಹಟ್ಟಿ ನಮ್ಮ ಸಂಸ್ಥಾನದ್ದು, ಅದಕ್ಕೆ ಹತ್ತಿಕೊಂಡೇ ಇರುವ ರಬಕವಿ ಬೇರೆ ಸಂಸ್ಥಾನದ್ದು. ಎರಡೂ ಊರಿನ ಕೋಳಿಗಳು ಒಂದೇ ತಿಪ್ಪೆ ಕೆದರುತ್ತಿದ್ದವು, ಹೆಣ್ಣು ಕೊಟ್ಟು ತರುವುದೂ ನಡೆದಿತ್ತು. ನನ್ನ ಚೀಲದ ಕಾಗದ ಮಾತ್ರ ನಡುವಿನ ಗಡಿಗಲ್ಲು ದಾಟುವಂತಿರಲಿಲ್ಲ. ದಾಟಬೇಕಾದರೆ ನಮ್ಮ ದರಬಾರಿನಿಂದ ಆ ದರಬಾರಿಗೆ ಪತ್ರ ಹೋಗಬೇಕು, ಅಲ್ಲಿಂದ ಉತ್ತರ ಬರುವುದರೊಳಗೆ ಒಂದು ಮಳೆಗಾಲ ಮುಗಿಯುತ್ತಿತ್ತು.

ಮನೆಯ ಗಹಾಣದ, ಅಂದರೆ ಅಡವಿನ, ಕಾಗದಗಳೇ ನನ್ನ ಚೀಲದಲ್ಲಿ ಹೆಚ್ಚು. ಮನೆ ಬರೆದುಕೊಟ್ಟು ಸಾಲ ತಂದವರಿಗೆ ಸಾಲ ಕೊಟ್ಟ ಧಣಿಯ ಮುಖ ಗೊತ್ತಿರುತ್ತಿರಲಿಲ್ಲ. ಧಣಿ ಎಲ್ಲೋ ಘಟ್ಟದ ಆಚೆಯ ಊರಲ್ಲಿ, ಇಲ್ಲಿ ಅವನ ಪರವಾಗಿ ಕಂತು ವಸೂಲಿ ಮಾಡುವ ಒಬ್ಬ ಗುಮಾಸ್ತ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ತುಬಚಿಯಲ್ಲಿ ಒಬ್ಬ ಗುಮಾಸ್ತ ಕಂತು ತಡವಾಯಿತೆಂದು ಮನೆಯ ಬಾಗಿಲನ್ನೇ ಕಿತ್ತು ಬಂಡಿಯಲ್ಲಿ ಹಾಕಿಕೊಂಡು ಹೋಗಿದ್ದ. ಕಾಯ್ದಿಡಲು ಒಯ್ದೆ ಎಂದು ಕಚೇರಿಯಲ್ಲಿ ಹೇಳಿದ. ಬಾಗಿಲು ವಾಪಸು ಕೊಡಿಸುವ ಹುಕುಮಾದಾಗ ಅದನ್ನು ಹೊತ್ತು ತಂದವರಲ್ಲಿ ನಾನೂ ಒಬ್ಬ. ಅಷ್ಟು ದಿನ ಆ ಮನೆಯವರು ಬಾಗಿಲ ಜಾಗದಲ್ಲಿ ಕಂಬಳಿ ಕಟ್ಟಿಕೊಂಡಿದ್ದರು. ಬಾಗಿಲು ಕೂಡಿಸಿದ ಮೇಲೆ ಆ ಮನೆಯ ಯಜಮಾನ ಅದನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡುತ್ತಿದ್ದ. ನಾನು ಹೋಗುತ್ತೇನೆ ಎಂದರೆ ಕೇಳಿಸಿಕೊಳ್ಳಲಿಲ್ಲ.

ಈಗ ಬನಹಟ್ಟಿಯ ವಿಷಯ.

ಅಲ್ಲಿ ನೇಕಾರರ ಓಣಿಯಲ್ಲಿ ಸಂಗಪ್ಪ, ದಾನವ್ವ ಎಂಬ ಗಂಡ ಹೆಂಡತಿ ಇದ್ದರು. ಪಡಸಾಲೆಯಲ್ಲಿ ಕುಣಿಮಗ್ಗ, ಅಂದರೆ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಆ ಪಡಸಾಲೆಯ ಮಾಳಿಗೆ ದುರಸ್ತಿ ಮಾಡಿಸಲೆಂದೇ ಮನೆಯನ್ನು ಗಹಾಣ ಬರೆದುಕೊಟ್ಟಿದ್ದರು. ಹಳೆಯ ಗುಮಾಸ್ತ ಇರುವತನಕ ಕಂತು ಸರಿಯಾಗಿ ನಡೆದಿತ್ತು. ಅವನು ಪಾವತಿಯ ಚೀಟಿ ಬರೆದು ಕೊಡುತ್ತಿರಲಿಲ್ಲ, ಆದರೆ ದಾನವ್ವನ ಎದುರಿಗೇ ಲೆಕ್ಕದ ವಹಿಯಲ್ಲಿ ಬರೆದು ಓದಿ ಹೇಳುತ್ತಿದ್ದ. ಆಮೇಲೆ ಆ ಧಣಿ ತನ್ನ ಗಹಾಣಗಳನ್ನೆಲ್ಲ ಇನ್ನೊಬ್ಬ ಧಣಿಗೆ ಮಾರಿದ. ಗುಮಾಸ್ತ ಬದಲಾದ. ಹೊಸಬನ ಹೆಸರು ದಾಜೀಬಾ.

ದಾಜೀಬಾ ಮಾಡಿದ ಮೊದಲ ಕೆಲಸವೆಂದರೆ ಬನಹಟ್ಟಿಯಲ್ಲಿದ್ದ ತನ್ನ ವಸೂಲಿಯ ಗಾದಿಯನ್ನು ರಬಕವಿಗೆ ಒಯ್ದದ್ದು. ನಾಲ್ಕು ನೂರು ಹೆಜ್ಜೆಯೂ ಇಲ್ಲ, ಆದರೆ ಗಡಿಗಲ್ಲಿನ ಆಚೆ. ದಾನವ್ವ ಕಂತು ಒಯ್ದರೆ ಒಮ್ಮೆ ಪೆಟ್ಟಿಗೆಯ ಕೀಲಿ ಇಲ್ಲ ಎಂದ. ಮರುದಿನ ಹೋದರೆ ನಿನ್ನೆಯೇ ಮುದ್ದತ್ತು ಮುಗಿಯಿತು, ತಡವಾಗಿದೆ ಎಂದ. ತೆಗೆದುಕೊಂಡ ಕಂತುಗಳನ್ನು ಯಾವ ಲೆಕ್ಕಕ್ಕೆ ಬರೆದನೋ ಹೇಳಲಿಲ್ಲ. ಕಡೆಗೆ ಕಂತೇ ಬಂದಿಲ್ಲ, ಮನೆಯ ತಾಬಾ, ಅಂದರೆ ಸ್ವಾಧೀನ, ಕೊಡಿಸಿರಿ ಎಂದು ನಮ್ಮ ಕಚೇರಿಯಲ್ಲಿ ಧಣಿಯ ಹೆಸರಿನಲ್ಲಿ ದಾವೆ ಹಾಕಿಸಿದ. ಅದರ ಸಮನ್ಸು ನನ್ನ ಚೀಲಕ್ಕೆ ಬಂತು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದುದು ಓಣಿ, ಹೆಸರು, ಬಾಗಿಲು ಇಷ್ಟೇ.

ನಾನು ಬನಹಟ್ಟಿ ತಲುಪಿದಾಗ ಹೊತ್ತು ಇಳಿದಿತ್ತು. ಮನೆಯ ಬಾಗಿಲು ತೆರೆದೇ ಇತ್ತು, ಆ ಓಣಿಯಲ್ಲಿ ಕೀಲಿ ಹಾಕುವ ರೂಢಿ ಇರಲಿಲ್ಲ. ಕೂಗಿದೆ, ಯಾರೂ ಇಲ್ಲ. ಇಬ್ಬರೂ ನೂಲು ತರಲು ಹೋಗಿದ್ದಾರೆ, ಈಗ ಬರುತ್ತಾರೆ, ಕೂಡ್ರಿ ಎಂದು ನೆರೆಮನೆಯ ಮುದುಕಿ ಹೇಳಿದಳು. ನಾನು ಕೂಡಲಿಲ್ಲ. ಹೊತ್ತು ಮುಳುಗುವುದರೊಳಗೆ ತೇರದಾಳದಲ್ಲಿ ನನ್ನ ಅಕ್ಕನ ಮನೆಯಲ್ಲಿ ಉಣ್ಣಬೇಕಿತ್ತು. ತಪ್ಪಿದರೆ ಆ ದಿನ ಉಪವಾಸ. ಡಬ್ಬಿ ತೆಗೆದು ತೆರೆದ ಬಾಗಿಲಿಗೆ ಕಾಗದ ಅಂಟಿಸಿ ಹೊರಟೆ. ತೆರೆದ ಬಾಗಿಲು ಗೋಡೆಯ ಕಡೆ ಮುಖ ಮಾಡಿ ನಿಂತಿರುತ್ತದೆ ಎಂಬುದು ತಲೆಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನಿಲ್ಲುತ್ತಿದ್ದೆನೋ ಇಲ್ಲವೋ, ಹೇಳಲಾರೆ. ಹೊಟ್ಟೆ ಹಸಿದಿತ್ತು. ಮನೆಯ ಎದ್ದು ಕಾಣುವ ಭಾಗಕ್ಕೆ ಅಂಟಿಸಿದೆ ಎಂದು ಶೆರಾ ಬರೆದೆ. ದಾವೆಯ ದಿನ ಸಂಗಪ್ಪ ಬರಲಿಲ್ಲ. ಒಂದೇ ಕಡೆಯ ಮಾತು ಕೇಳಿ ಹುಕುಮಾಯಿತು.

ತಾಬಾ ಕೊಡಿಸುವ ವಾರಂಟೂ ನನ್ನ ಕೈಗೇ ಬಂತು. ಅಂಥ ದಿನ ಮನೆ ತೋರಿಸಿಕೊಡಲು ಗೆದ್ದವರ ಕಡೆಯವರು ಜೊತೆಗೆ ಬರಬೇಕು ಎಂಬ ನಿಯಮ. ದಾಜೀಬಾ ಬಂದ. ಒಗೆದ ಧೋತರ, ಬಾಯಲ್ಲಿ ಎಲೆಅಡಿಕೆ, ಕಂಕುಳಲ್ಲಿ ಹೊಸ ಕೀಲಿ. ಮನೆಯ ಒಳಗೆ ಸಂಗಪ್ಪ ಕುಣಿಯಲ್ಲಿ ಕೂತು ನೇಯುತ್ತಿದ್ದ, ದಾನವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ವಾರಂಟು ಎಂದರೆ ಏನೆಂದು ನಾನು ಎರಡು ಮಾತಿನಲ್ಲಿ ಹೇಳಿದೆ. ಸಂಗಪ್ಪನ ಲಾಳಿ ನಿಂತಿತು. ಅವನು ಮೊದಲೇ ಮಾತು ಕಡಿಮೆಯ ಮನುಷ್ಯ. ದಾನವ್ವ ಎದ್ದು ಬಂದಳು. ನಾನು, ಸಮನ್ಸು ಅಂಟಿಸಿ ಹೋಗಿದ್ದೆನಲ್ಲ, ಕಚೇರಿಗೆ ಯಾಕೆ ಬರಲಿಲ್ಲ ಎಂದು ಕೇಳಿದೆ.

ಅವಳು ಬಾಗಿಲ ಕಡೆ ಹೊರಳಿ ನೋಡಿದಳು.

‘ಬಾಗಲಾ ಹಾಕಾಕ ಹೋದಾಗ ಕಾಗದದ ಒಂದು ಚೂರು ಅಂಟಿಕೊಂಡಿತ್ತರಿ. ಉಳಿದದ್ದು ಆಡು ತಿಂದಿತ್ತು. ಹಿಟ್ಟಿನ ವಾಸನಿಗೆ ನೆಕ್ಕಿರಬೇಕು. ಯಾವುದೋ ಅಂಗಡಿಯವರದ್ದು ಇರಬೇಕು ಅಂದಕೊಂಡಿವಿ.’

ದಾಜೀಬಾ ನಕ್ಕ. ನನಗೂ ನಗು ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಮೂಲೆಯಲ್ಲಿ ಕಟ್ಟಿದ್ದ ಆಡು ಕಣ್ಣಿಗೆ ಬಿತ್ತು. ಅದು ನನ್ನನ್ನೇ ನೋಡುತ್ತಿತ್ತು. ನನ್ನ ಒಂದು ಊಟದ ಅವಸರಕ್ಕೆ ಇವರ ಮನೆ ಹೋಗಿತ್ತು. ಅಷ್ಟು ವರ್ಷ ನೂರಾರು ಬಾಗಿಲಿಗೆ ಅಂಟಿಸಿದವನು, ಅಂಟಿಸಿದ ಮೇಲೆ ಕಾಗದದ ಗತಿ ಏನಾಗುತ್ತದೆ ಎಂದು ಒಮ್ಮೆಯೂ ಯೋಚಿಸಿದವನಲ್ಲ.

ದಾಜೀಬಾ ಕೀಲಿ ಮುಂದೆ ಚಾಚಿದ. ಆಗ ಸಂಗಪ್ಪ ಕುಣಿಯಿಂದಲೇ, ಮಗ್ಗದ ಮೇಲೆ ಹಾಸು ಐತಿ ಎಂದ. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು. ಏರಿದ ಹಾಸನ್ನು ನಡುವೆ ಕೊಯ್ಯಬಾರದು ಎಂಬುದು ನೇಕಾರರಲ್ಲಿ ಕಟ್ಟುನಿಟ್ಟು. ಉಣ್ಣುವವನ ಮುಂದಿನ ತಾಟು ಎಳೆದಂತೆ ಎಂದು ತಿಳಿಯುತ್ತಾರೆ. ನಮ್ಮ ಕಚೇರಿಯಲ್ಲಿಯೂ ಅದನ್ನು ನಡೆಸಿಕೊಂಡು ಬಂದಿದ್ದರು, ಯಾಕೆಂದರೆ ನೂಲು ವ್ಯಾಪಾರಿಯದು, ಅವನ ಮೇಲೆ ಹುಕುಮು ಇಲ್ಲ. ಆದ್ದರಿಂದ ‘ಮಗ್ಗದ ಮೇಲೆ ಹಾಸು ಇದೆ, ಮುಗಿದ ಬಳಿಕ ತಾಬಾ’ ಎಂದು ಶೆರಾ ಬರೆದೆ. ದಾಜೀಬಾ ಹಾಸಿನ ಸುರುಳಿಯನ್ನು ಮುಟ್ಟಿ ನೋಡಿ, ಹದಿನೈದು ದಿನದ ಮಾತು ಎಂದು ಹೇಳಿ ರಬಕವಿಗೆ ಹೋದ.

ಬೇಲೀಫ ಸಲಹೆ ಕೊಡಬಾರದು. ನಾನು ಕೊಟ್ಟೆ. ಜಮಖಂಡಿಗೆ ಹೋಗಿ ಹುಕುಮು ರದ್ದು ಮಾಡಿರೆಂದು ಅರ್ಜಿ ಕೊಡಿರಿ, ಆಡಿನ ವಿಷಯ ನಾನು ಹೇಳುತ್ತೇನೆ ಎಂದೆ. ಕೊಟ್ಟರು. ನ್ಯಾಯಾಧೀಶ ಸಾಹೇಬರು ನನ್ನನ್ನು ಕರೆಸಿ ಪ್ರಮಾಣ ಮಾಡಿಸಿ ಕೇಳಿದರು. ಬಾಗಿಲು ತೆರೆದಿತ್ತು, ಮುಖ ಗೋಡೆಯ ಕಡೆ ಇತ್ತು, ನನಗೆ ಉಣ್ಣುವ ಅವಸರವಿತ್ತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾಜರರು ಹಿಂದೆ ನಿಂತು ಕೆಮ್ಮುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಆಮೇಲೆ ನನಗೆ ಬೈದರು. ಮೇಯ್ದದ್ದು ಆಡು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಸಾಹೇಬರು ಹೇಳಿದ್ದು ಇದು. ಅರ್ಜಿಯ ವಿಚಾರಣೆ ಆಗಬೇಕಾದರೆ ಎದುರಿನವರಿಗೆ ನೋಟೀಸು ಮುಟ್ಟಬೇಕು, ದಾಜೀಬಾ ಹಳೆಯ ವಹಿ ತೆಗೆದುಕೊಂಡು ಹಾಜರಾಗಬೇಕು. ಮುಟ್ಟುವತನಕ ಹಳೆಯ ವಾರಂಟು ಜೀವಂತ. ಧಣಿಯ ಕಡೆಯ ವಕೀಲರು, ಹುಕುಮಾದ ದಿನವೇ ತಮ್ಮ ವಕಾಲತ್ತು ಮುಗಿಯಿತು ಎಂದು ಕೈ ತೊಳೆದುಕೊಂಡರು. ಅಂದರೆ ನೋಟೀಸನ್ನು ದಾಜೀಬಾನ ಕೈಗೇ ಕೊಡಬೇಕು, ಅದೂ ಗಡಿಗಲ್ಲಿನ ಈಚೆ. ಅವನಿಗೆ ಈ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಹಾಸು ಮುಗಿದ ದಿನ ಹೇಳಿ ಕಳಿಸಿರಿ, ನನ್ನ ಆಳು ಬಂದು ಕೀಲಿ ಹಾಕಿ ಹೋಗುತ್ತಾನೆ ಎಂದು ಹೇಳಿಸಿದ. ಒಮ್ಮೆ ತಾಬಾ ಆದರೆ ಅರ್ಜಿ ಗೆದ್ದರೂ ಮನೆ ವಾಪಸು ಬರಲು ಮತ್ತೆ ವರ್ಷಗಟ್ಟಲೆ. ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ದಾಜೀಬಾ ದಿನಾ ಸಂಜೆ ಗಡಿಯ ಹತ್ತಿರದ ಒಂದು ಎಲೆಅಡಿಕೆ ಅಂಗಡಿಗೆ ಬರುತ್ತಿದ್ದ. ಅಂಗಡಿ ಆಚೆ, ಅದರ ನೆರಳು ಈಚೆ. ಮೂರು ದಿನ ನಾನು ಆ ನೆರಳಿನಲ್ಲಿ ಕಾದೆ. ನಾಲ್ಕನೆಯ ದಿನ ಯಾರನ್ನೋ ಮಾತನಾಡಿಸುತ್ತ ಅವನು ಕಲ್ಲಿನ ಹತ್ತಿರ ಬಂದ. ನಾನು ನೋಟೀಸು ಹಿಡಿದು ನುಗ್ಗಿದೆ. ಅವನು ಹಿಂದೆ ಸರಿದ, ನಾನು ಮುಂದೆ ಹೋದೆ, ಕಾಗದವನ್ನು ಅವನ ಕೈಗೆ ತುರುಕಿದೆ. ಅವನು ಸಿಟ್ಟಾಗಲಿಲ್ಲ.

‘ಜಿನ್ನಪ್ಪ, ಕಲ್ಲು ನಿನ್ನ ಬೆನ್ನ ಹಿಂದೈತಿ ನೋಡು’ ಎಂದ.

ಹೊರಳಿ ನೋಡಿದರೆ ಖರೆ. ಬೇರೆ ಸಂಸ್ಥಾನದ ಹದ್ದಿನಲ್ಲಿ ಬಿಲ್ಲೆ ಹಾಕಿಕೊಂಡು ನಿಂತಿದ್ದೆ. ಅವನು ಕಾಗದವನ್ನು ಮಡಚಿ ವಾಪಸು ಕೊಟ್ಟು, ಅದೇ ವಾರ ನನ್ನ ಮೇಲೆ ತಕರಾರು ಬರೆಸಿದ. ನಾಜರರು ನನ್ನನ್ನು ನಿಲ್ಲಿಸಿ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. ‘ಕಾಗದಾ ಮುಟ್ಟಸೂದು ನಿನ್ನ ಕೆಲಸಾನೋ, ರಾಜ್ಯಾ ಗೆಲ್ಲೂದೋ?’

ಹದಿನೈದು ದಿನ ಕಳೆಯಿತು. ಹಾಸು ನೋಡಲು ಹೋದೆ. ಮನಸ್ಸು ಭಾರವಾಗಿತ್ತು, ಈ ಸಲ ಮುಗಿದಿದೆ ಎಂದೇ ಬರೆಯಬೇಕಾಗುತ್ತದೆ ಎಂದುಕೊಂಡು ಹೋದೆ. ಹೋಗಿ ನೋಡಿದರೆ ಮಗ್ಗದ ತುಂಬ ಹಾಸು. ಅಂಚಿನಲ್ಲಿ ಕೆಂಪಿದ್ದದ್ದು ಈಗ ಹಸಿರಾಗಿತ್ತು. ನಾನು ದಾನವ್ವನ ಮುಖ ನೋಡಿದೆ.

‘ಹಾಸು ಮುಗಿದಿಲ್ಲರಿ’ ಎಂದಳು. ‘ಎಲ್ಲಿಯಾದರೂ ಎಳಿ ಹರದೈತೇನು, ನೀವೇ ನೋಡ್ರಿ.’

ಆಗ ನನಗೆ ನೇಕಾರರ ಒಂದು ಪದ್ಧತಿ ತಿಳಿಯಿತು. ಹಾಸಿನ ಒಂದೊಂದು ಎಳೆಯನ್ನೂ ಮಗ್ಗದ ಕುಣಿಕೆಗಳಲ್ಲಿ, ಆಮೇಲೆ ಬಾಚಣಿಗೆಯಂಥ ಫಣಿಯಲ್ಲಿ ಪೋಣಿಸಬೇಕು. ಅದು ದಿನಗಟ್ಟಲೆಯ ಕೆಲಸ, ಕಣ್ಣು ಹೋಗುವ ಕೆಲಸ. ಅದಕ್ಕೆ ಹಾಸನ್ನು ಪೂರ್ತಿ ನೇಯುವುದಿಲ್ಲ. ಗೇಣುದ್ದ ಉಳಿಸಿ, ಹೊಸ ಹಾಸು ತಂದು, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಬೆರಳಿಂದ ಹೊಸೆದು ಕೂಡಿಸುತ್ತಾರೆ. ಕೆಚ್ಚುವುದು ಎನ್ನುತ್ತಾರೆ. ಹಳೆಯದು ತಾನೇ ಹೊಸದನ್ನು ಎಳೆದುಕೊಂಡು ಬರುತ್ತದೆ. ಹೀಗೆ ನೋಡಿದರೆ ಆ ಮಗ್ಗದ ಮೇಲಿನ ಹಾಸು ಸಂಗಪ್ಪನ ಅಪ್ಪ ಏರಿಸಿದ್ದು, ಇನ್ನೂ ಮುಗಿದಿರಲಿಲ್ಲ.

‘ಹಾಸು ಇದೆ’ ಎಂದು ಶೆರಾ ಬರೆದೆ. ನಮೂನೆಯಲ್ಲಿ ಬಣ್ಣ ಬರೆಯುವ ಅಂಕಣ ಇರಲಿಲ್ಲ. ಎಂಟು ದಿನಕ್ಕೊಮ್ಮೆ ಹೋದೆ, ಎಂಟು ದಿನಕ್ಕೊಮ್ಮೆ ಅದನ್ನೇ ಬರೆದೆ. ಹಸಿರು ಹೋಗಿ ನೀಲಿ ಬಂತು. ದಾಜೀಬಾ ಮೊದಲು ಆಳು ಕಳಿಸಿ ಕೇಳಿಸಿದ, ಆಮೇಲೆ ನಾಜರರಿಗೆ ಬರೆದ. ನಾಜರರ ಮೇಜಿನ ಮೇಲೆ ನನ್ನ ಶೆರಾ ವೇಳೆಗೆ ಸರಿಯಾಗಿ ಬರುತ್ತಿತ್ತು, ಅವರಿಗೆ ತಪ್ಪು ಕಾಣಲಿಲ್ಲ. ಈ ನಡುವೆ ದಾನವ್ವ ಸೊರಗಿದ್ದಳು. ಗಂಡ ನೇಯ್ದಷ್ಟೂ ಹಾಸು ತೀರುತ್ತದೆ, ತೀರುವುದರೊಳಗೆ ಮುಂದಿನದು ಬರಬೇಕು. ನೂಲಿನ ವ್ಯಾಪಾರಿ ಒಂದು ವಾರ ಇಲ್ಲ ಎಂದರೆ ಮನೆ ಹೋಯಿತು. ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ, ನೆರೆಮನೆಯ ಮುದುಕಿ ಹೇಳಿದಳು.

ಒಂದು ದಿನ ನಾನು ಹೋದಾಗ ನೀಲಿಯೂ ಗೇಣುದ್ದಕ್ಕೆ ಬಂದಿತ್ತು. ದಾನವ್ವ ಹೊಸ ಹಾಸಿನ ಮುಂದೆ ಕೂತು ಕೆಚ್ಚುತ್ತಿದ್ದಳು. ನನಗೆ ಕೂಡ್ರಿ ಎಂದಳು. ಕೂತೆ. ಸ್ವಲ್ಪ ಹೊತ್ತಿನ ಮೇಲೆ, ಸುಮ್ಮನೆ ಕೂತ ಗಂಡಸನ್ನು ಕಂಡರೆ ಅವಳಿಗೆ ಆಗದೆಂದು ಕಾಣುತ್ತದೆ, ಬೂದಿಯ ಬಟ್ಟಲನ್ನು ನನ್ನ ಕಡೆ ಸರಿಸಿದಳು. ಬೆರಳು ಜಾರದಿರಲಿ ಎಂದು ಬೂದಿ ಹಚ್ಚಿಕೊಂಡು ಹೊಸೆಯುತ್ತಾರೆ. ಬಿಲ್ಲೆ ನೂಲಿಗೆ ಸಿಗುತ್ತದೆ ಎಂದು ಅದನ್ನು ತೆಗೆದು ಚೀಲದಲ್ಲಿಟ್ಟೆ, ರುಮಾಲು ಬಿಚ್ಚಿಟ್ಟೆ, ಅವಳು ತೋರಿಸಿದ ಹಾಗೆ ಹೊಸೆಯತೊಡಗಿದೆ. ಯಾವ ಹಾಸು ಮುಗಿದಿದೆಯೋ ಇಲ್ಲವೋ ಎಂದು ಬರೆಯಲು ಸರ್ಕಾರ ನನ್ನನ್ನು ಕಳಿಸಿತ್ತೋ ಅದೇ ಹಾಸನ್ನು ನಾನೇ ಉದ್ದ ಮಾಡುತ್ತಿದ್ದೆ.

ಹೊರಗೆ ಸುಡುಬಿಸಿಲು. ಬಾಗಿಲಲ್ಲಿ ನೆರಳು ಬಿತ್ತು. ದಾಜೀಬಾ.

ಕಣ್ಣಾರೆ ಕಾಣದೆ ಇನ್ನು ನಂಬುವುದಿಲ್ಲ ಎಂದು ಬಂದಿದ್ದ. ನಾನು ಜಮಖಂಡಿಯಲ್ಲಿದ್ದೇನೆ ಎಂದು ಯಾರೋ ಅವನಿಗೆ ಹೇಳಿದ್ದರಂತೆ. ಬಿಸಿಲಿನಿಂದ ಒಳಗೆ ಬಂದವನಿಗೆ ಮಗ್ಗದ ಹಿಂದಿನ ಕತ್ತಲಲ್ಲಿ ಇಬ್ಬರು ಕೂತು ಎಳೆ ಕೂಡಿಸುವುದಷ್ಟೇ ಕಂಡಿತು. ಹಾಸಿನ ಹತ್ತಿರ ಬಗ್ಗಿ ಕೂಡಿಸಿದ ಗಂಟುಗಳನ್ನು ನೋಡಿದ. ಹುಲಿಯ ಹೆಜ್ಜೆ ಸಿಕ್ಕವನ ಹಾಗೆ ಮುಖ ಅರಳಿತು. ಇದು ಹೊಸ ಹಾಸು, ಇದು ಮೋಸ, ಈ ಆಳಿನ ಸಾಕ್ಷಿಯನ್ನೇ ಹಾಕಿಸುತ್ತೇನೆ ಎಂದು ನನ್ನ ಕಡೆ ಬೆರಳು ಮಾಡಿ, ನಿನ್ನ ಹೆಸರೇನು ಎಂದು ಕೇಳಿದ.

ನಾನು ಎದ್ದೆ. ನೋಟೀಸು ಚೀಲದಲ್ಲಿ ಎಲ್ಲಕ್ಕೂ ಮೇಲೆಯೇ ಇತ್ತು. ಬಿಲ್ಲೆ ಹಾಕಿಕೊಂಡು, ಅವನ ಕೈಗೆ ಕಾಗದ ಕೊಟ್ಟು, ‘ಜಿನ್ನಪ್ಪ ಅಂತರಿ. ಕಲ್ಲು ಈಗ ನಿಮ್ಮ ಬೆನ್ನ ಹಿಂದೈತಿ’ ಎಂದೆ. ನೌಕರಿಯಲ್ಲಿ ನಾನು ಆಡಿದ ಒಂದೇ ಒಂದು ಹೆಚ್ಚಿನ ಮಾತು ಅದು. ನೋಟೀಸಿನ ಮೇಲೆ ನನ್ನ ಐದೂ ಬೆರಳಿನ ಬೂದಿ ಮೂಡಿತ್ತು. ನೆರೆಮನೆಯವರಿಬ್ಬರನ್ನು ಕರೆದು ಪಂಚರ ಹೆಬ್ಬೆಟ್ಟು ಹಾಕಿಸಿದೆ.

ವಿಚಾರಣೆಯ ದಿನ ದಾಜೀಬಾ ಮೊದಲು ಎತ್ತಿದ್ದು ನನ್ನದೇ ವಿಷಯ. ಸಾಹೇಬರು ನನ್ನನ್ನು ಕಟಕಟೆಗೆ ಕರೆದು, ಬೇಲೀಫನಾದವನು ಹಾಸು ಕೆಚ್ಚಿದ್ದು ಹೌದೋ ಎಂದರು. ಹೌದು ಎಂದೆ. ಎಷ್ಟು ಎಳೆ ಎಂದರು.

‘ಎಣಿಸಿಲ್ಲರಿ ಸಾಹೇಬ್ರ. ನಾ ಕೆಚ್ಚಿದ್ದರಾಗ ಬಾಳಷ್ಟು ಹರದು ಹೋದುವಂತರಿ.’

ಸಾಹೇಬರು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ನನ್ನ ಬಡ್ತಿಯನ್ನು ಮೂರು ವರ್ಷ ತಡೆಹಿಡಿಯುವಂತೆ ಬರೆದರು. ಅದು ಸರಿಯೇ ಇತ್ತು. ಸರ್ಕಾರದ ಬಿಲ್ಲೆ ತೆಗೆದಿಟ್ಟು ಒಂದು ಕಡೆಯವರ ನೂಲು ಹೊಸೆದವನಿಗೆ ಅಷ್ಟಾದರೂ ಆಗಬೇಕು. ತರುಣರಿಗೆ ಹೇಳುವುದಿಷ್ಟೇ, ನಾನು ಮಾಡಿದ್ದನ್ನು ನೀವು ಮಾಡಬೇಡಿರಿ. ಅಂಟಿಸುವ ಮೊದಲು ಬಾಗಿಲಿನ ಮುಖ ಎತ್ತ ಇದೆ ನೋಡಿಕೊಂಡರೆ ಮಾಡುವ ಪ್ರಸಂಗವೂ ಬರುವುದಿಲ್ಲ.

ಅದಾದ ಮೇಲೆ ವಹಿ ತೆರೆಯಿತು. ಹಳೆಯ ಗುಮಾಸ್ತ ಬರೆದ ಕಂತುಗಳು ಒಂದೂ ತಪ್ಪದೆ ಇದ್ದವು. ದಾಜೀಬಾ ತೆಗೆದುಕೊಂಡವೂ ಇದ್ದವು, ಆದರೆ ಸಾಲಕ್ಕೆ ಜಮೆಯಾಗಿರಲಿಲ್ಲ. ಮನೆ ನೋಡಲು ಬಂದ ಖರ್ಚು, ಮತ್ತೆ ಮನೆ ನೋಡಲು ಬಂದ ಖರ್ಚು, ಬಂಡಿಯ ಬಾಡಿಗೆ ಎಂದು ಬರೆದಿದ್ದ. ನಾಲ್ಕು ನೂರು ಹೆಜ್ಜೆಗೆ ಬಂಡಿ. ಸಾಹೇಬರು ಹುಕುಮನ್ನು ರದ್ದು ಮಾಡಿ, ಆ ಖರ್ಚನ್ನೆಲ್ಲ ಹೊಡೆದು ಹಾಕಿ ಲೆಕ್ಕ ತೆಗೆದರೆ ಉಳಿದ ಸಾಲ ಎರಡು ಸೀರೆಯ ಬೆಲೆಯಷ್ಟು. ಅದನ್ನು ದಾನವ್ವ ಕಚೇರಿಯಲ್ಲಿಯೇ ಕಟ್ಟಿದಳು, ಗಹಾಣದ ಖತಪತ್ರ ವಾಪಸಾಯಿತು.

ಆ ಪ್ರಕರಣದ ನಂತರ ನಮ್ಮಲ್ಲಿ ಎರಡು ರೂಢಿ ಬಂದವು. ವಸೂಲಿ ಮಾಡುವವನು ಸಂಸ್ಥಾನದ ಹದ್ದಿನ ಒಳಗೇ ಗಾದಿ ಇಡಬೇಕು, ಕೊಟ್ಟ ಪ್ರತಿ ಕಂತಿಗೆ ಪಾವತಿ ಬರೆದು ಕೊಡಬೇಕು ಎಂಬುದು ಒಂದು. ಮನೆಯ ಮೇಲಿನ ಕಾಗದವನ್ನು ಬೇಲೀಫನು ಇಬ್ಬರು ನೆರೆಯವರ ಎದುರಿಗೆ ಕನ್ನಡದಲ್ಲಿ ಓದಿ ಹೇಳಿಯೇ ಕೊಡಬೇಕು ಎಂಬುದು ಇನ್ನೊಂದು. ಸಂಸ್ಥಾನ ಹೋದ ಮೇಲೆ ಮೋಡಿಯೂ ಹೋಯಿತು, ಗಡಿಗಲ್ಲೂ ಹೋಯಿತು. ಓದಿ ಹೇಳುವುದನ್ನು ನಾನು ನೌಕರಿ ಬಿಡುವತನಕ ಬಿಡಲಿಲ್ಲ.

ನನ್ನ ಹತ್ತಿರ ಒಂದು ಕೆಲಸ ಉಳಿದಿತ್ತು. ಹಳೆಯ ವಾರಂಟನ್ನು ಕಡೆಯ ಶೆರಾ ಬರೆದು ಕಚೇರಿಗೆ ವಾಪಸು ಮಾಡಬೇಕು. ನಾಜರರು ಅದರ ಮಾತುಗಳನ್ನೂ ಹೇಳಿಕೊಟ್ಟರು: ‘ಹಾಸು ಮುಗಿದಿದೆ. ಹುಕುಮು ರದ್ದಾದ ಕಾರಣ ತಾಬಾ ಕೊಡಿಸಿಲ್ಲ.’ ಹಿಂದಿನ ಶೆರಾಗಳಿಗೆ ಇದು ಹೊಂದಬೇಕು, ಇಲ್ಲವಾದರೆ ದಫ್ತರದಲ್ಲಿ ಕಡತ ತೆರೆದೇ ಉಳಿಯುತ್ತದೆ ಎಂದರು. ನಾನು ಅದನ್ನು ಜಮಖಂಡಿಯಲ್ಲಿಯೇ ಕೂತು ಬರೆಯಬಹುದಿತ್ತು. ಆದರೆ ರದ್ದಾದ ಹುಕುಮನ್ನು ಓದಿ ಹೇಳಬೇಕೆನಿಸಿ ಬನಹಟ್ಟಿಗೆ ಹೋದೆ. ಈ ಸಲ ಮುಂಜಾನೆಯೇ ಹೋದೆ.

ಮೊದಲಿನಿಂದ ಕೊನೆಯತನಕ ಕನ್ನಡದಲ್ಲಿ ಹೇಳಿದೆ. ಸಂಗಪ್ಪ ಕುಣಿಯಲ್ಲಿ ಕೂತೇ ಕೇಳಿದ. ದಾನವ್ವ ಒಂದು ಮಾತನ್ನು ಎರಡು ಸಲ ಹೇಳಿಸಿದಳು, ಮನೆ ಸಂಗಪ್ಪನದೇ ಎನ್ನುವ ಮಾತನ್ನು. ಆಮೇಲೆ ವಾರಂಟಿನ ಮೇಲೆ ಏನು ಬರೆಯುತ್ತೀರಿ ಎಂದು ಕೇಳಿದಳು. ನಾಜರರು ಹೇಳಿದ್ದನ್ನು ಹೇಳಿದೆ. ಅವಳು ಮಗ್ಗದ ಕಡೆ ನೋಡಿದಳು. ನಾನು ಅರ್ಧ ತಾಸು ಕೂತು ಕೆಚ್ಚಿದ ಹಾಸು ಅಲ್ಲಿ ಗೇಣುದ್ದ ಉಳಿದಿತ್ತು, ಮೂಲೆಯಲ್ಲಿ ಮುಂದಿನದು ಸಿದ್ಧವಿತ್ತು. ಮುಂಜಾನೆಯೇ ಕೆಚ್ಚಲು ಕೂಡಬೇಕಿತ್ತು, ಬೂದಿಯ ಬಟ್ಟಲೂ ತುಂಬಿತ್ತು.

ಅವಳು ಗಂಡನಿಗೆ, ಅದನ್ನ ಪೂರಾ ನೇದ ಬಿಡ್ರಿ ಎಂದಳು. ಸಂಗಪ್ಪ ತಲೆಯೆತ್ತಿ ಅವಳನ್ನು ನೋಡಿ ಲಾಳಿ ಎಸೆದ. ನಾನು ಬೇಡ ಎಂದೆ. ಹಾಗೆ ಮಾಡಿದರೆ ಮಗ್ಗ ಬರಿದಾಗುತ್ತದೆ, ಮತ್ತೆ ಎಲ್ಲ ಎಳೆಗಳನ್ನೂ ಒಂದೊಂದಾಗಿ ಪೋಣಿಸಬೇಕು, ಅಷ್ಟು ದಿನ ದುಡಿಮೆ ಇಲ್ಲ, ಅದು ಈಗ ನನಗೂ ಗೊತ್ತಿತ್ತು. ಕಾಗದದಲ್ಲಿ ಬರೆಯುವುದಕ್ಕೆ ಇದೇನೂ ಬೇಕಾಗಿಲ್ಲ, ಯಾರೂ ಬಂದು ನೋಡುವುದಿಲ್ಲ ಎಂದೆ.

ಫಣಿ ಮುಂದೆ ಹೋಗದಂತಾಗುವತನಕ ಸಂಗಪ್ಪ ನೇಯ್ದ. ದಾನವ್ವ ಕತ್ತರಿ ತಂದು, ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಗಳನ್ನು ಕತ್ತರಿಸಿದಳು. ಸಂಗಪ್ಪನ ಅಪ್ಪ ಏರಿಸಿದಂದಿನಿಂದ ಆ ಮಗ್ಗ ಬರಿದಾದದ್ದು ಅಂದೇ ಮೊದಲು. ಅವಳು ಉಳಿದ ಎಳೆಗಳ ತುದಿಗಳನ್ನು ಒಂದೊಂದಾಗಿ ಜಗ್ಗಿ ತೆಗೆದು, ಮುಷ್ಟಿಯಲ್ಲಿ ಸುತ್ತಿ, ನನ್ನ ಎದುರಿಗೆ ಬಂದು ನಿಂತಳು.

‘ಮದಲನೇ ಸಲ ಕಾಣೂ ಕಡೆ ಅಂಟಿಸೇನಿ ಅಂತ ನೀವು ಬರದದ್ದು ಸುಳ್ಳಾತು’ ಎಂದಳು. ‘ಈಗ ಹಾಸು ಮುಗದೈತಿ. ಬರಕೋರಿ.’